ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಮಲೆನಾಡಿನ ಥಂಡಿಗೆ ತಡೆಯುತ್ತಾ?

ಪ್ರಶ್ನೆ: ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಮಗಳು ಸಿವಿಲ್ ಡಿಪ್ಲೊಮಾ ಮುಗಿಸಿ, ಮನೆಯಿಂದಲೇ ಒಬ್ಬ ಇಂಜಿನಿಯರ್‌ಗೆ ಮನೆ ಪ್ಲಾನ್ ಮಾಡಿಕೊಡುತ್ತಾಳೆ. ಹೊಸ ಡೆಸ್ಕ್‌ಟಾಪ್ ಬೇಕು, ಬಿಡಿಭಾಗ ತಂದು ತಾನೇ ಜೋಡಿಸುತ್ತೇನೆ ಅನ್ನುತ್ತಾಳೆ. ನಮ್ಮ ಹಳೆಯ ಕಂಪ್ಯೂಟರ್ ಒಂದು ಮೇ ತಿಂಗಳ ಸಂಜೆ ಸಿಡಿಲಿಗೆ ಹೋಯಿತು. ಗುಡುಗು ಶುರುವಾದ ಕೂಡಲೇ ಸ್ವಿಚ್ ಆರಿಸಿದ್ದೆವು, ಆದರೂ ಬೋರ್ಡ್ ಸುಟ್ಟಿತು. ಅಂಗಡಿಯವರು ‘ಮಲೆನಾಡಿನ ಥಂಡಿಗೆ ಅಸೆಂಬಲ್ ಸೆಟ್ ಬಾಳಿಕೆ ಬರಲ್ಲ, ಕಂಪನಿ ಸೆಟ್ಟೇ ತಗೊಳ್ಳಿ’ ಅನ್ನುತ್ತಾರೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪ್ಲಾಸ್ಟಿಕ್ ಕವರ್ ಹಾಕಿದರೆ ಸಾಕಾ? ಮನೆಗೆ ಇನ್ವರ್ಟರ್ ಇದೆ, ಬೇರೆ ಯುಪಿಎಸ್ ಬೇಕಾ? ಹಳೆಯ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು, ಅದೇನು? ಅರವತ್ತು ಸಾವಿರದೊಳಗೆ ಆಗಬೇಕು. (ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ನೀವು ಕೊನೆಯಲ್ಲಿ ಕೇಳಿದ ಆ ‘ಜುಮ್’ನಿಂದಲೇ ಶುರು ಮಾಡುತ್ತೇನೆ. ನಿಮ್ಮ ಹಳೆಯ ಕಂಪ್ಯೂಟರ್ ಯಾಕೆ ಹೋಯಿತು ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಕಂಪ್ಯೂಟರಿನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ) ಒಳಗೆ, ಕರೆಂಟ್ ಬರುವ ಎರಡೂ ತಂತಿಗಳಿಂದ ತಗಡಿನ ಡಬ್ಬಿಗೆ ಪುಟ್ಟ ಕೆಪಾಸಿಟರ್‌ಗಳನ್ನು ಹಾಕಿರುತ್ತಾರೆ. ಲೈನಿನ ಗಲೀಜನ್ನು ಅರ್ತ್‌ಗೆ ಹರಿಸಿಬಿಡೋದು ಅವುಗಳ ಕೆಲಸ. ಅರ್ತ್ ಸರಿ ಇದ್ದರೆ ಅದು ನಮ್ಮ ಗಮನಕ್ಕೂ ಬರುವುದಿಲ್ಲ. ಅರ್ತ್ ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು ಆ ತಗಡಿನ ಮೇಲೆ ಬಂದು ಕೂರುತ್ತದೆ. ಕರೆಂಟ್ ತೀರಾ ಸ್ವಲ್ಪ, ಹಾಗಾಗಿ ಬರೀ ಜುಮ್ ಅನ್ನುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಅದನ್ನು ನೋಡಿ ‘ಬೋರ್ಡ್ ಶಾರ್ಟ್ ಆಗಿದೆ’ ಅಂತ ಹೆದರುವವರು ಬಹಳ. ‘ಎಲ್ಲಾ ಕಂಪ್ಯೂಟರಲ್ಲೂ ಹಾಗೇ’ ಅಂತ ಸುಮ್ಮನಾಗುವವರು ಇನ್ನೂ ಜಾಸ್ತಿ. ಎರಡೂ ಸರಿಯಲ್ಲ. ನಿಮ್ಮ ಮನೆಯ ಆ ಪ್ಲಗ್ಗಿಗೆ ಅರ್ತ್ ಬಂದಿಲ್ಲ, ಅಥವಾ ಹೆಸರಿಗಷ್ಟೇ ಇದೆ. ಆ ಜುಮ್ ಹೇಳುತ್ತಿದ್ದದ್ದು ಇಷ್ಟೇ.

ಇನ್ನು ಸ್ವಿಚ್ ಆರಿಸಿದ್ದರೂ ಬೋರ್ಡ್ ಸುಟ್ಟದ್ದು. ಗೋಡೆಯ ಸ್ವಿಚ್ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ, ಅದೂ ಕೆಲವೇ ಮಿಲಿಮೀಟರ್ ಅಂತರದಲ್ಲಿ. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದ ಸಿಡಿಲಿಗೆ ಆ ಅಂತರ ಏನೇನೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಆಗ ನಿಮ್ಮ ಮನೆಗೆ ಇಂಟರ್ನೆಟ್ ಯಾವ ತಂತಿಯಲ್ಲಿ ಬರುತ್ತಿತ್ತು? ಟೆಲಿಫೋನ್ ತಂತಿಯಲ್ಲಿ ಅಂತಾದರೆ, ಕಂಬದಿಂದ ಕಂಬಕ್ಕೆ ಹಾದು ಬಂದ ಆ ತಾಮ್ರ ಮೋಡೆಮ್ಮಿಗೆ, ಅಲ್ಲಿಂದ ಲ್ಯಾನ್ ಕೇಬಲ್ಲಿನಲ್ಲಿ ನೇರ ಮದರ್‌ಬೋರ್ಡಿಗೆ ದಾರಿ ಮಾಡಿಕೊಟ್ಟಿರುತ್ತದೆ. ಸ್ವಿಚ್ ಆರಿಸಿದವರೆಲ್ಲ ಮರೆಯುವುದು ಈ ಲ್ಯಾನ್ ಕೇಬಲ್ಲನ್ನೇ.

ರಿಪೇರಿಗೆ ಬರುವ ಸಿಡಿಲಿನ ಬೋರ್ಡ್‌ಗಳಲ್ಲಿ ನಾನು ಮೊದಲು ನೋಡುವುದು ಲ್ಯಾನ್ ಪೋರ್ಟಿನ ಹಿಂದಿರುವ ಚೌಕದ ಕಪ್ಪು ಐಸಿ ಚಿಪ್ ಅನ್ನು. ಭೂತಗನ್ನಡಿ ಹಿಡಿದರೆ ಅದರ ನಡುವೆ ಸೂಜಿ ಮೊನೆಯಷ್ಟು ತೂತು, ಸುತ್ತ ಸಣ್ಣ ಉಬ್ಬು, ಒಂದೆರಡು ಕಾಲಿನ ಹತ್ತಿರ ಕಂದು ಮಸಿ. ಎಸ್‌ಎಂಪಿಎಸ್ ಎಷ್ಟೋ ಸಲ ಏನೂ ಆಗದೆ ಉಳಿದಿರುತ್ತದೆ. ಅಂದರೆ ಪೆಟ್ಟು ಬಂದದ್ದು ಕರೆಂಟಿನ ದಾರಿಯಲ್ಲಿ ಅಲ್ಲ. ನಿಮ್ಮ ಹಳೆಯ ಬೋರ್ಡ್ ಅಟ್ಟದ ಮೇಲೆ ಇನ್ನೂ ಬಿದ್ದಿದ್ದರೆ ಮಗಳಿಗೆ ಆ ಐಸಿ ನೋಡಲು ಹೇಳಿ.

ಈಗ ಫೈಬರ್ ಬಂದಿದ್ದರೆ ಅಷ್ಟು ನೆಮ್ಮದಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಫೈಬರ್ ಬಾಕ್ಸಿನ ಅಡಾಪ್ಟರ್ ಅದೇ ಗೋಡೆಯ ಪ್ಲಗ್ಗಿನಲ್ಲಿ ಇರುತ್ತದಲ್ವಾ? ಅಲ್ಲಿಂದ ಲ್ಯಾನ್ ಕೇಬಲ್ ಎಳೆದರೆ ಮತ್ತೆ ತಾಮ್ರದ ದಾರಿ ತೆರೆದ ಹಾಗೆ. ಅದಕ್ಕೆ ನಾನು ಹಳ್ಳಿ ಮನೆಗಳಿಗೆ ವೈಫೈ ಇರುವ ಮದರ್‌ಬೋರ್ಡನ್ನೇ ಹೇಳುವುದು. ಅಡಿಕೆ ಕಣಕ್ಕೆ ಸಿಸಿ ಕ್ಯಾಮೆರಾ ಹಾಕಿಸಿದ್ದರೆ ಅದರ ತಂತಿಯೂ ಕಂಪ್ಯೂಟರ್ ಹತ್ತಿರ ಸುಳಿಯದಿರಲಿ.

ಸಿಡಿಲಿನ ಕಾಲವನ್ನೂ ಸರಿಯಾಗಿ ಗುರುತಿಸಿಕೊಳ್ಳಬೇಕು. ಆರಿದ್ರಾ, ಪುನರ್ವಸು ಮಳೆ ಹಗಲು-ರಾತ್ರಿ ಸುರಿದರೂ ಅದರಲ್ಲಿ ಸಿಡಿಲು ಕಡಿಮೆ. ಬೋರ್ಡ್ ಸುಡುವುದು ಅಶ್ವಿನಿ, ಭರಣಿ ಮಳೆಗಳ ಸಂಜೆ, ಆಮೇಲೆ ಚಿತ್ತಾ, ಸ್ವಾತಿಯ ಹೊತ್ತಿಗೆ. ಜಂಬಿಟ್ಟಿಗೆ ನೆಲದ ಅರ್ತ್ ಗುಂಡಿ ಪೂರಾ ಒಣಗಿ ಕೆಲಸಕ್ಕೆ ಬಾರದಂತಾಗುವುದೂ ಏಪ್ರಿಲ್-ಮೇನಲ್ಲೇ. ನಿಮ್ಮ ಮನೆಯಲ್ಲಿ ಮೇ ತಿಂಗಳಲ್ಲಿ ಹೀಗಾದದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ನಿಮ್ಮ ಅರವತ್ತು ಸಾವಿರದಲ್ಲಿ ಮೊದಲ ಖರ್ಚು ಕಂಪ್ಯೂಟರಿಗಲ್ಲ, ಅರ್ತ್‌ಗೆ. ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟು ‘ಫೇಸ್-ಅರ್ತ್ 230 ತೋರಿಸ್ತಿದೆ, ಸರಿ ಇದೆ’ ಅಂದರೆ ಒಪ್ಪಬೇಡಿ. ಮೀಟರಿಗೆ ಬೇಕಾದ ಕರೆಂಟ್ ಎಷ್ಟು ಕಡಿಮೆ ಅಂದರೆ, ಕೆಟ್ಟ ಅರ್ತ್ ಕೂಡ ಅದಕ್ಕೆ ಸರಿಯಾಗಿಯೇ ಕಾಣುತ್ತದೆ. ಅರ್ತ್ ಟೆಸ್ಟರ್‌ನಲ್ಲಿ ಅಳೆಸಿ. 5 ಓಮ್ ಒಳಗೆ ಬಂದರೆ ಒಳ್ಳೆಯದು. ಜಂಬಿಟ್ಟಿಗೆ ನೆಲದಲ್ಲಿ ಒಂದು ಗುಂಡಿಯಿಂದ ಅಷ್ಟು ಬರುವುದು ಕಷ್ಟ. ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಡಿ ತೆಗೆದು ಎರಡನ್ನೂ ಸೇರಿಸಬೇಕಾಗಬಹುದು. ಬಚ್ಚಲ ನೀರು ಹರಿದು ಹೋಗುವ ಬದಿ ಸದಾ ತೇವ ಇರುತ್ತದೆ, ಜಾಗ ಅಲ್ಲಿ ನೋಡಿ. ಬೇಸಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಅಭ್ಯಾಸ ಎಲ್ಲಾ ಕಡೆ ಇದೆ. ದಯವಿಟ್ಟು ಮಾಡಬೇಡಿ.

ಸ್ಪೈಕ್ ಗಾರ್ಡ್ ಒಂದು ಹಾಕಿದರೆ ಆಯ್ತಲ್ಲ ಅಂತ ಕೇಳಬಹುದು. ಒಳ್ಳೆಯ ಸ್ಪೈಕ್ ಗಾರ್ಡಿನೊಳಗೆ ಎಂಒವಿ ಅಂತ ಅಂಗಿ ಗುಂಡಿಯಾಕಾರದ ಬಿಡಿಭಾಗ ಇರುತ್ತದೆ. ವೋಲ್ಟೇಜ್ ಮಿತಿಮೀರಿದಾಗ ಹೆಚ್ಚಾದದ್ದನ್ನು ಅದು ಬೇರೆ ದಾರಿಗೆ ತಿರುಗಿಸುತ್ತದೆ. ಆ ದಾರಿಗಳಲ್ಲಿ ಮುಖ್ಯವಾದದ್ದು ಅರ್ತ್. ಅರ್ತ್ ಇಲ್ಲದ ಮನೆಯಲ್ಲಿ ಅದರ ಅರ್ಧ ಕೆಲಸ ನಿಂತುಹೋಯಿತು. ಪ್ರತಿ ಪೆಟ್ಟಿಗೂ ಅದು ಸವೆಯುತ್ತದೆ ಕೂಡ. ಇನ್ನು ಹತ್ತಿರದ ತೆಂಗಿನ ಮರಕ್ಕೋ ಕಂಬಕ್ಕೋ ಬಡಿದ ಸಿಡಿಲಿಗೆ ಯಾವ ಗಾರ್ಡೂ ಭರವಸೆ ಅಲ್ಲ. ಪ್ಲಗ್ ಕಿತ್ತು ಇಡುವುದೊಂದೇ ಉಪಾಯ. ಅದೂ ಮೋಡ ಕಟ್ಟುವಾಗಲೇ. ಸಿಡಿಲು ಹೊಡೆಯುತ್ತಿರುವಾಗ ಓಡಿಹೋಗಿ ಪ್ಲಗ್ಗಿಗೆ ಕೈ ಹಾಕಬೇಡಿ. ಕಂಪ್ಯೂಟರ್ ಹೋದರೆ ಹೋಗಲಿ.

ಈಗ ಥಂಡಿಯ ವಿಷಯ. ನಿಮ್ಮ ಕಡೆ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 90 ದಾಟುತ್ತದೆ, ಚಪ್ಪಲಿ-ಬೆಲ್ಟಿಗೆ ಬೂಷ್ಟು ಬರುತ್ತದೆ. ಕಂಪ್ಯೂಟರ್ ಬಗ್ಗೆ ಹೆದರಿಕೆ ಹುಟ್ಟುವುದು ಸಹಜವೇ. ಆದರೆ ಓಡುತ್ತಿರುವ ಕಂಪ್ಯೂಟರ್ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಶೇಕಡಾ 95 ತೇವ ಇರುವ ಗಾಳಿ ಕ್ಯಾಬಿನೆಟ್ಟಿನೊಳಗೆ 35 ಡಿಗ್ರಿಗೆ ಬಿಸಿಯಾದರೆ, ಅದರ ತೇವದ ಪ್ರಮಾಣ ಸುಮಾರು 54ಕ್ಕೆ ಇಳಿಯುತ್ತದೆ. ಬೇಸಗೆಯ ಶಿವಮೊಗ್ಗ ಪೇಟೆಗಿಂತ ಅದೇನೂ ಕಷ್ಟದ ಹವೆಯಲ್ಲ. ದಿನಾ ನಾಲ್ಕು ಗಂಟೆ ಓಡುವ ಕಂಪ್ಯೂಟರಿಗೆ ಥಂಡಿ ಹಿಡಿದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಹಾಳಾಗುವುದು ಆರಿಸಿಟ್ಟ ಕಂಪ್ಯೂಟರ್. ಅದರಲ್ಲೂ ಒಳಗೆ ಧೂಳು ಕೂತಿರುವುದು.

ಧೂಳು ತೇವ ಹೀರುತ್ತದೆ. ನಮ್ಮ ಕಡೆಯದು ಬರೀ ಧೂಳೂ ಅಲ್ಲ. ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಹೊಗೆ ಸೇರಿ ಜಿಗುಟಾದ ಮಸಿ. ಅದು ಬೋರ್ಡಿನ ಮೇಲೆ ಕೂತು ಒದ್ದೆಯಾದರೆ ಸಣ್ಣಗೆ ಕರೆಂಟ್ ಸೋರುತ್ತದೆ, ತಾಮ್ರ ಹಸಿರಾಗುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ‘ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ’ ಅಂತ ಬರುವವುಗಳಲ್ಲಿ ಎಷ್ಟೋ ಸಲ ರೋಗ ರ‍್ಯಾಮಿನ ಚಿನ್ನದ ಬಣ್ಣದ ಅಂಚಿನಲ್ಲಿರುತ್ತದೆ. ಅಲ್ಲಿ ಮಂಕಾದ ಕಂದು ಚುಕ್ಕೆ ಕೂತಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಕೆಲಸ ಆಗುತ್ತದೆ ನಿಜ. ಆದರೆ ಆ ಚಿನ್ನದ ಲೇಪ ಬಹಳ ತೆಳು, ಪದೇ ಪದೇ ಉಜ್ಜಿದರೆ ಸವೆದು ಹೋಗುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ ತಂದಿಡಿ. ಹತ್ತಿ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಹಾಕಿ.

ಸಿಲಿಕಾ ಜೆಲ್ ಬೇಡ. ಫ್ಯಾನ್ ಹೊರಗಿನ ಗಾಳಿಯನ್ನು ಸದಾ ಒಳಗೆ ಎಳೆಯುವ ಡಬ್ಬಿಯಲ್ಲಿ ಪೊಟ್ಟಣ ಇಡುವುದು, ಹರಿಯುವ ಹಳ್ಳವನ್ನು ಬಟ್ಟೆಯಲ್ಲಿ ಒರೆಸಿದ ಹಾಗೆ. ಪ್ಲಾಸ್ಟಿಕ್ ಕವರ್ ಇನ್ನೂ ಕೆಟ್ಟದ್ದು, ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಆರಿಸಿದ ಮೇಲೆ ಬಿಸಿ ಇಳಿಯಲಿ, ಆಮೇಲೆ ಹಳೆಯ ಹತ್ತಿ ಪಂಚೆ ಹೊದಿಸಿ. ಮರ ಬಿದ್ದು ನಾಲ್ಕು ದಿನ ಕರೆಂಟ್ ಹೋಗಿ ಬಂದಾಗ, ಮೊದಲು ಹತ್ತು ನಿಮಿಷ ಕಾಯಿರಿ, ಲೈನ್ ನಿಲ್ಲಲಿ. ಆಮೇಲೆ ಆನ್ ಮಾಡಿ ಒಂದು ಗಂಟೆ ಸುಮ್ನೆ ಬಿಡಿ. ಮನೆಯವರೆಲ್ಲ ಊರಿಗೆ ಹೋದರೂ ವಾರಕ್ಕೆರಡು ಸಲ ಯಾರಾದರೂ ಬಂದು ಆನ್ ಮಾಡುವಂತಿರಲಿ.

ಇಡುವ ಜಾಗಕ್ಕೂ ಬೆಲೆ ಇದೆ. ಎರಚಲು ಬಡಿಯುವ ಪಶ್ಚಿಮದ ಗೋಡೆ ಬೇಡ, ಬಚ್ಚಲಿಗೆ ಅಂಟಿದ ಗೋಡೆ ಬೇಡ. ನೆಲದ ಮೇಲಂತೂ ಬೇಡವೇ ಬೇಡ. ಆಷಾಢದಲ್ಲಿ ನೆಲ ಬೆವರುವುದು ನಿಮಗೇ ಗೊತ್ತು, ಇರುವೆ ಸಾಲು ಹತ್ತುವುದೂ ಅಲ್ಲಿಂದಲೇ. ಒಂದು ಸ್ಟೂಲಿನ ಮೇಲೆ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಇಡಿ. ಹಿಂದಿನ ಖಾಲಿ ಸ್ಲಾಟ್‌ಗಳಿಗೆ ತಗಡಿನ ಮುಚ್ಚಳ ಹಾಕಲೇಬೇಕು. ಹಲ್ಲಿಗೆ ಬೆಚ್ಚಗಿನ ಜಾಗ ಇಷ್ಟ. ಅದು ಒಳಗೆ ಹೋಗಿ ಎಲ್ಲೋ ಎರಡು ಕಡೆ ಕಾಲು ತಾಗಿಸಿದರೆ ಎರಡೂ ಮುಗಿಯಿತು, ಹಲ್ಲಿಯೂ ಬೋರ್ಡೂ. ಎಸ್‌ಎಂಪಿಎಸ್ ಒಳಗೇ ಸತ್ತಿದ್ದರೆ ಮಗಳು ಅದನ್ನು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಅಸೆಂಬಲ್ ಸೆಟ್ ಬಾಳಿಕೆ ಬರಲ್ಲ ಅನ್ನುವ ಮಾತಿಗೆ ಬರೋಣ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ತಯಾರಿಸುವ ಕಂಪನಿಗಳು ಕೆಲವೇ. ಕಂಪನಿ ಸೆಟ್ಟಿನೊಳಗೂ ಅವರದ್ದೇ ಇರುತ್ತದೆ. ಅಸೆಂಬಲ್ ಸೆಟ್ಟಿಗೆ ಕೆಟ್ಟ ಹೆಸರು ಬಂದದ್ದು ದುಡ್ಡು ಉಳಿಸಲು ಹಾಕುವ ಅಗ್ಗದ ಎಸ್‌ಎಂಪಿಎಸ್‌ನಿಂದ. ಅದನ್ನು ಸರಿಯಾದದ್ದು ಹಾಕಿದರೆ ಬಾಳಿಕೆಯಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ವಾರಂಟಿಯಲ್ಲಿ. ಕಂಪನಿ ಸೆಟ್ಟಿಗೆ ಒಂದೇ ಫೋನ್ ಸಾಕು, ಮನೆಗೇ ಬರುತ್ತಾರೆ ಅನ್ನುತ್ತಾರೆ. ನಿಮ್ಮ ಪಿನ್‌ಕೋಡಿಗೆ ಬರುತ್ತಾರಾ ಅಂತ ಕೊಳ್ಳುವ ಮೊದಲೇ ಕೇಳಿ. ಬಿಡಿಭಾಗವಾದರೆ ಒಂದೊಂದಕ್ಕೂ ಬೇರೆ ವಾರಂಟಿ, ಹೆಚ್ಚು ವರ್ಷದ್ದು, ಆದರೆ ನೀವೇ ಓಡಾಡಬೇಕು. ಬೋರ್ಡ್ ಕಳಿಸಿದರೆ ವಾರಗಟ್ಟಲೆ ಕಾಯಬೇಕಾಗಬಹುದು. ಪ್ಲಾನ್ ಕೊಡಬೇಕಾದ ಮಗಳಿಗೆ ಅದು ನಿಜವಾದ ತೊಂದರೆ, ಮುಚ್ಚಿಡುವುದಿಲ್ಲ. ಸಿಡಿಲಿಗೆ ಸುಟ್ಟದ್ದು, ತುಕ್ಕು ಹಿಡಿದದ್ದು ಸಾಮಾನ್ಯವಾಗಿ ಎರಡರಲ್ಲೂ ವಾರಂಟಿಗೆ ಬರುವುದಿಲ್ಲ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಪೆಟ್ಟಿಗೆಗಳನ್ನು ಬಿಸಾಡಬೇಡಿ.

ಇಷ್ಟಾದರೂ ಮಗಳೇ ಜೋಡಿಸಲಿ ಅನ್ನುವುದೇ ನನ್ನ ಅಭಿಪ್ರಾಯ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರ್, ನೀವು ಅದಕ್ಕಿಂತಲೂ ಒಳಗೆ. ಜಡಿಮಳೆಯ ರಾತ್ರಿ ಡಿಸ್‌ಪ್ಲೇ ಹೋದರೆ ಯಾರೂ ಬರುವುದಿಲ್ಲ. ಒಂದೊಂದು ತಂತಿಯನ್ನೂ ತಾನೇ ಚುಚ್ಚಿದವಳಿಗೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಿರುತ್ತದೆ.

ಏನು ತರಬೇಕು? ಪ್ಲಾನ್ ಬರೆಯುವ ಕೆಲಸಕ್ಕೆ ಈಗಲೇ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಗ್ರಾಫಿಕ್ಸ್ ಒಳಗೇ ಇರುವ, 65 ವಾಟಿನ ಆರು ಕೋರ್ ಪ್ರೊಸೆಸರ್ ಸಾಕು. ಎಎಂಡಿ ಕಂಪನಿಯ ರೈಜನ್ 5 5600ಜಿ ಅಂಥದ್ದು. ಹೆಸರಿನ ಕೊನೆಯ ಅಕ್ಷರ ನೋಡಿ ತೆಗೆದುಕೊಳ್ಳಿ. ಬರೀ 5600 ತಂದರೆ ಗ್ರಾಫಿಕ್ಸ್ ಇರುವುದಿಲ್ಲ, ಇಂಟೆಲ್‌ನಲ್ಲಿ ‘ಎಫ್’ ಇದ್ದರೂ ಇರುವುದಿಲ್ಲ. ಸ್ವಲ್ಪ ಅಗ್ಗ ಅಂತ ಅದನ್ನು ತಂದು, ಡಿಸ್‌ಪ್ಲೇ ಬರದೆ ಪರದಾಡುವವರು ಬಹಳ. ಮುಂದೆ 3ಡಿ ರೆಂಡರಿಂಗ್ ಮಾಡುವ ಯೋಚನೆ ಇದ್ದರೆ ಎಎಂಡಿಯದೇ ಎಎಂ5 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗದ) ಬೋರ್ಡ್ ನೋಡಿ. 2022ರಲ್ಲಿ ಬಂದದ್ದು, ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಯುತ್ತದೆ, ಖರ್ಚು ಜಾಸ್ತಿ, ಆದರೆ ಮುಂದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. 16 ಜಿಬಿ ರ‍್ಯಾಮನ್ನು ಒಂದೇ ಕಡ್ಡಿಯಲ್ಲಿ ತರದೆ 8ರ ಎರಡು ತನ್ನಿ. ಒಳಗಿನ ಗ್ರಾಫಿಕ್ಸ್ ಅದೇ ರ‍್ಯಾಮನ್ನು ಬಳಸುವುದರಿಂದ ವೇಗದಲ್ಲಿ ಚೆನ್ನಾಗಿ ವ್ಯತ್ಯಾಸ ಕಾಣುತ್ತದೆ. ಹಳೆಯ ಮಾನಿಟರ್, ಕೀಬೋರ್ಡ್ ಇಟ್ಟುಕೊಳ್ಳಿ. ಸಿಡಿಲಿನ ದಿನ ಉಳಿದ ಹಳೆಯ ಎಸ್‌ಎಂಪಿಎಸ್ ಮಾತ್ರ ಬೇಡ, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ. ಮಗಳಿಗೆ ದೀಪ ಹೊಳೆಯುವ ಕ್ಯಾಬಿನೆಟ್ ಬೇಕಿದ್ದರೆ ತರಲಿ, ದೀಪಕ್ಕೆ ಕೆಲವೇ ವಾಟ್. ಮುಂಭಾಗ ಗಾಜಿನ ಬದಲು ಜಾಲರಿ ಇದ್ದು, ಕಳಚಿ ತೊಳೆಯುವ ಫಿಲ್ಟರ್ ಇರಲಿ. ನೀರಿನ ಕೂಲರ್ ಬೇಡ, ಪ್ರೊಸೆಸರ್ ಜೊತೆ ಬರುವ ಫ್ಯಾನೇ ಸಾಕು.

65 ವಾಟಿನ ಪ್ರೊಸೆಸರ್ ಅಂತ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಮಾನಿಟರ್ ಸೇರಿ 120 ವಾಟ್ ಆಸುಪಾಸಿನಲ್ಲಿ ಓಡುವ ಕಂಪ್ಯೂಟರಿಗೆ ಬ್ಯಾಕಪ್ ಸುಲಭ. 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ, ಅಂದರೆ ಲೆಕ್ಕಕ್ಕೆ 84 ವಾಟ್-ಅವರ್. ಹೊಸದಿದ್ದಾಗ ಕಾಲು ಗಂಟೆ ಸಿಗುತ್ತದೆ, ಸೇವ್ ಮಾಡಿ ಆರಿಸಲು ಸಾಕು. ನಿಮ್ಮ ಇನ್ವರ್ಟರಿಗೆ 150 ಎಎಚ್ ಬ್ಯಾಟರಿ ಇದ್ದರೆ ಗಂಟೆಗಟ್ಟಲೆ ಕೆಲಸ ಮಾಡಬಹುದು. ಹಾಗಿದ್ದರೆ ಇನ್ವರ್ಟರ್ ಒಂದೇ ಸಾಲದಾ?

ಅದು ಯಾವ ಇನ್ವರ್ಟರ್ ಅನ್ನುವುದರ ಮೇಲೆ ಹೋಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಕಡಿದ ಮೇಲೂ ಸುಮಾರು 16 ಮಿಲಿಸೆಕೆಂಡ್ ಬೋರ್ಡನ್ನು ನಡೆಸುತ್ತದೆ. ಅಷ್ಟರಲ್ಲಿ ಇನ್ವರ್ಟರ್ ಬ್ಯಾಟರಿಗೆ ಬದಲಾದರೆ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಹೆಚ್ಚಿನ ಇನ್ವರ್ಟರ್‌ಗಳ ಹಿಂದೆ ‘ಯುಪಿಎಸ್ ಮೋಡ್’ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬೇಗ ಬದಲಾಗುತ್ತದೆ. ಆದರೆ ಆ ಮೋಡಿನಲ್ಲಿ ವೋಲ್ಟೇಜ್ 180 ಆಸುಪಾಸಿಗೆ ಇಳಿದರೇ ಬ್ಯಾಟರಿಗೆ ಹಾರುತ್ತದೆ. ತೋಟದ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿಗೆ ಹಳ್ಳಿಯಲ್ಲಿ ವೋಲ್ಟೇಜ್ ಅಷ್ಟಕ್ಕೇ ಇಳಿದಿರುತ್ತದಲ್ವಾ? ಆಗ ಕರೆಂಟ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತದೆ. ಅದಕ್ಕೆ ಬೇಸತ್ತು ಮಾಮೂಲಿ ಮೋಡಿಗೆ ಹಾಕುತ್ತೀರಿ. ಆಗ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ನಿಮ್ಮದು ಸೈನ್ ವೇವ್ (ಲೈನಿನ ಕರೆಂಟಿನ ಹಾಗೇ ನಯವಾದ ಅಲೆಯ ಕರೆಂಟ್ ಕೊಡುವ) ಇನ್ವರ್ಟರ್ ಆದರೆ, ಅದನ್ನು ಮಾಮೂಲಿ ಮೋಡಿನಲ್ಲೇ ಬಿಟ್ಟು ಕಂಪ್ಯೂಟರಿಗೆ ಬೇರೆ ಸಣ್ಣ ಯುಪಿಎಸ್ ಹಾಕಿ. 150 ವೋಲ್ಟಿಗೆ ಇಳಿದರೂ ಬ್ಯಾಟರಿಗೆ ಹೋಗದೆ ವೋಲ್ಟೇಜ್ ಎತ್ತಿ ಕೊಡುವ ಮಾಡೆಲ್‌ಗಳಿವೆ, ಬೇರೆ ಸ್ಟೆಬಿಲೈಜರ್ ಬೇಕಾಗುವುದಿಲ್ಲ. ಸ್ಕ್ವೇರ್ ವೇವ್ (ಒರಟು ಚೌಕ ಅಲೆಯದ್ದು) ಆದರೆ ತೊಂದರೆ. ಯುಪಿಎಸ್ ಅದರ ಕರೆಂಟನ್ನು ಒಪ್ಪದೆ ಟಕಟಕ ಅನ್ನುತ್ತಿರಬಹುದು, ಎಸ್‌ಎಂಪಿಎಸ್ ಗುಂಯ್ ಅನ್ನಬಹುದು. ಹಾಗಿದ್ದಾಗ ಕಂಪ್ಯೂಟರನ್ನು ಇನ್ವರ್ಟರ್ ಲೈನಿನಿಂದ ಹೊರಗಿಟ್ಟು, ಯುಪಿಎಸ್ ಒಂದನ್ನೇ ನಂಬಿ. ಕರೆಂಟ್ ಹೋದರೆ ಸೇವ್ ಮಾಡಿ ಎದ್ದು ಬರುವುದು. ಯುಪಿಎಸ್ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಬದಲಿಸಬೇಕು, ಆ ಖರ್ಚು ಲೆಕ್ಕದಲ್ಲಿರಲಿ.

ಜೋಡಿಸುವಾಗ ಕೆಲವು ಮಾತು. ಎಲ್ಲವನ್ನೂ ಕ್ಯಾಬಿನೆಟ್ಟಿಗೆ ತುಂಬುವ ಮೊದಲು, ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆ ಮೇಲಿಟ್ಟು ಪ್ರೊಸೆಸರ್, ಫ್ಯಾನ್, ರ‍್ಯಾಮ್ ಮಾತ್ರ ಹಾಕಿ ಡಿಸ್‌ಪ್ಲೇ ಬರುತ್ತಾ ನೋಡಲಿ. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತು ಸಾಕೆಟ್ಟಿನ ಗುರುತಿಗೆ ಸೇರಬೇಕು, ಒತ್ತುವ ಹಾಗೇ ಇಲ್ಲ, ತಾನಾಗಿ ಇಳಿಯಬೇಕು. ಪಿನ್ ಬಾಗಿದರೆ ವಾರಂಟಿ ಸಿಗುವುದಿಲ್ಲ. ಪ್ರೊಸೆಸರ್ ಪಕ್ಕದ 8 ಪಿನ್ನಿನ ಕೇಬಲ್ ಮರೆಯುವುದು ಬಹಳ ಸಾಮಾನ್ಯ. ಎಎಂ5 ಬೋರ್ಡ್ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಕಪ್ಪು ಪರದೆಯೇ ಇರಬಹುದು. ರ‍್ಯಾಮನ್ನು ಪರೀಕ್ಷಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಆರಿಸಬಾರದು. ಬಯೋಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆಯಲ್ಲಿ) ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಂತ ಇರುತ್ತದೆ, ಅದನ್ನು ‘ಪವರ್ ಆಫ್’ಗೆ ಇಡಲಿ. ಕರೆಂಟ್ ಬಂದು-ಹೋಗಿ ಆಡುವಾಗ ಕಂಪ್ಯೂಟರ್ ತಾನಾಗಿ ಎದ್ದು ಕೂರಬಾರದು.

ಬಿಡಿಭಾಗಕ್ಕೆ ಈಗಲೇ ದುಡ್ಡು ಕೊಡಬೇಡಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಅಳೆಸಿ. ಎಷ್ಟು ಓಮ್ ಬಂತು, ನಿಮ್ಮ ಇನ್ವರ್ಟರ್ ಮಾಡೆಲ್ ಯಾವುದು, ಸಂಜೆ ಪಂಪ್ ಓಡುವಾಗ ವೋಲ್ಟೇಜ್ ಎಷ್ಟಿರುತ್ತದೆ, ಇಷ್ಟು ಬರೆದು ಕಳಿಸಿ. ಅದನ್ನು ನೋಡಿ ಯಾವ ಎಸ್‌ಎಂಪಿಎಸ್, ಯಾವ ಯುಪಿಎಸ್ ಅಂತ ಖಚಿತವಾಗಿ ಹೇಳುತ್ತೇನೆ.